ಪ್ರತಿ ವರ್ಷ ಹೊಸ ಮೇಳ: ಅಮೆರಿಕದ ಕಾಲೇಜು ಸಾಫ್ಟ್‌ಬಾಲ್ ಕೋಚ್ ಎಂದರೆ ಯಾರು, ಏನು ಕೆಲಸ?

2023ರ ಅಕ್ಟೋಬರಿನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ಟನ್ನು ಸೇರಿಸಿತು. 1900ರ ನಂತರ ಮೊದಲ ಸಲ ಎಂದು ನಾವೆಲ್ಲ ಸಂಭ್ರಮಿಸಿದೆವು. ಅದೇ ದಿನ ಅದೇ ಪಟ್ಟಿಯಲ್ಲಿ ಸಾಫ್ಟ್‌ಬಾಲ್ ಕೂಡ ಇತ್ತು. ಅದನ್ನು ಗಮನಿಸಿದವರು ನಮ್ಮಲ್ಲಿ ಕಡಿಮೆ.

ಒಂದು ವಿಚಿತ್ರ ನೋಡಿ. ಒಲಿಂಪಿಕ್ಸ್ ಲಾಸ್ ಏಂಜಲೀಸ್‌ನದು, ಆದರೆ ಸಾಫ್ಟ್‌ಬಾಲ್ ಪಂದ್ಯಗಳು ಅಲ್ಲಿ ನಡೆಯುವುದಿಲ್ಲ. ಸುಮಾರು 1,900 ಕಿಲೋಮೀಟರ್ ಆಚೆಯ ಒಕ್ಲಹೋಮಾ ಸಿಟಿಯಲ್ಲಿ ನಡೆಯುತ್ತವೆ. ಕಾರಣ ಸರಳ: ಸಾಫ್ಟ್‌ಬಾಲ್‌ಗೆಂದೇ ಕಟ್ಟಿದ, 13,000 ಜನ ಹಿಡಿಯುವ ಕ್ರೀಡಾಂಗಣ ಅಲ್ಲಿದೆ. ಅದನ್ನು ಪ್ರತಿ ವರ್ಷ ತುಂಬಿಸುವುದು ಅಮೆರಿಕದ ರಾಷ್ಟ್ರೀಯ ತಂಡವೂ ಅಲ್ಲ, ಐಪಿಎಲ್ ಥರದ ಲೀಗೂ ಅಲ್ಲ. ಕಾಲೇಜು ಹುಡುಗಿಯರ ತಂಡಗಳು.

ಆ ತಂಡಗಳನ್ನು ಕಟ್ಟುವವರೇ ಹೆಡ್ ಕೋಚ್‌ಗಳು. ಟೆಕ್ಸಾಸ್, ಕ್ಯಾಲಿಫೋರ್ನಿಯಾ ಕಡೆ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಮಗಳನ್ನು ವಾರಾಂತ್ಯಕ್ಕೆ ಸಾಫ್ಟ್‌ಬಾಲ್‌ಗೆ ಬಿಡುವವರಿಗೆ ಈ ಲೋಕದ ಅಂಚಾದರೂ ಗೊತ್ತಿರುತ್ತದೆ. ಊರಲ್ಲಿರುವ ನಮಗೆ ‘ಕೋಚ್’ ಎಂದರೆ ನೆಟ್ಸ್ ಹಿಂದೆ ಕೈಕಟ್ಟಿ ನಿಂತವರ ಚಿತ್ರ ಬರುತ್ತದೆ. ಇವರ ಕೆಲಸ ಅದಲ್ಲ. ಹೋಲಿಕೆ ಬೇಕೆಂದರೆ ನಾನು ಯಕ್ಷಗಾನದ ಮೇಳಕ್ಕೆ ಹೋಗುತ್ತೇನೆ. ಕೋಚ್ ಎಂದರೆ ಭಾಗವತರೂ ಹೌದು, ಮೇಳದ ಯಜಮಾನರೂ ಹೌದು. ರಂಗಕ್ಕೆ ತಾವು ವೇಷ ಕಟ್ಟಿ ಇಳಿಯುವುದಿಲ್ಲ. ಆದರೆ ಯಾರು ಬರಬೇಕು, ಯಾವಾಗ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು ಎಂಬುದೆಲ್ಲ ಅವರ ಕೈಯಲ್ಲಿ. ತಿರುಗಾಟ ಮುಗಿದ ಮೇಲೆ ಮುಂದಿನ ವರ್ಷದ ಮೇಳ ಕಟ್ಟುವ ಚಿಂತೆಯೂ ಅವರದೇ.

ಮೊದಲು ಆಟ ಅರ್ಥವಾಗಲಿ

ಹೆಸರು ಸಾಫ್ಟ್‌ಬಾಲ್, ಚೆಂಡು ಮಾತ್ರ ಮೃದುವಲ್ಲ. 1887ರಲ್ಲಿ ಶಿಕಾಗೊದ ಒಂದು ಕ್ಲಬ್ಬಿನೊಳಗೆ ಬಾಕ್ಸಿಂಗ್ ಗ್ಲೌಸನ್ನೇ ಉಂಡೆ ಕಟ್ಟಿ ಆಡಿದ್ದರಿಂದ ಈ ಆಟ ಹುಟ್ಟಿತು. ಆ ಮೃದುತನ ಹೆಸರಿನಲ್ಲಷ್ಟೇ ಉಳಿದಿದೆ. ಈಗಿನ ಚೆಂಡು ಹಳದಿ ಬಣ್ಣದ್ದು, ಸುತ್ತಳತೆ 12 ಇಂಚು. ಕೈಯಲ್ಲಿ ಹಿಡಿದರೆ ದೊಡ್ಡ ಮೂಸಂಬಿಯಷ್ಟಿರುತ್ತದೆ, ತೂಕ ಕ್ರಿಕೆಟ್ ಚೆಂಡಿಗಿಂತ ಹೆಚ್ಚು.

ಬೇಸ್‌ಬಾಲ್‌ನ ತಂಗಿ ಎಂದುಕೊಳ್ಳಬಹುದು. ಒಂದು ಕಡೆ ಒಂಬತ್ತು ಜನ. ನಾಲ್ಕು ಮೂಲೆಯ ಚೌಕ, ಪ್ರತಿ ಮೂಲೆಗೆ ಒಂದು ಬೇಸ್, ಬೇಸ್‌ನಿಂದ ಬೇಸ್‌ಗೆ 60 ಅಡಿ. ಬ್ಯಾಟ್ ಬೀಸಿದವಳು ಮೂರೂ ಬೇಸ್ ದಾಟಿ ಹೊರಟಲ್ಲಿಗೇ ಮರಳಿದರೆ ಒಂದು ರನ್. ಮೂರು ಜನ ಔಟಾದರೆ ಸರದಿ ಬದಲು. ಹೀಗೆ ಏಳು ಇನ್ನಿಂಗ್ಸ್. ಐದು ಇನ್ನಿಂಗ್ಸ್ ಮುಗಿದಾಗ ಒಂದು ತಂಡ ಎಂಟು ರನ್ ಮುಂದಿದ್ದರೆ ಕಾಲೇಜು ಪಂದ್ಯ ಅಲ್ಲಿಗೇ ಮುಗಿಯುತ್ತದೆ.

ಎಲ್ಲ ಇರುವುದು ಎಸೆತದಲ್ಲಿ. ಎಸೆಯುವವಳಿಗೆ ಪಿಚರ್ ಎನ್ನುತ್ತಾರೆ. ತೋಳನ್ನು ಗಾಳಿಯಂತ್ರದ ರೆಕ್ಕೆಯ ಹಾಗೆ ಒಂದು ಸುತ್ತು ಪೂರ್ತಿ ತಿರುಗಿಸಿ, ಸೊಂಟದ ಕೆಳಗಿನಿಂದ ಚೆಂಡು ಬಿಡಬೇಕು. ಬ್ಯಾಟರ್‌ಗೂ ಅವಳಿಗೂ ನಡುವೆ 43 ಅಡಿ, ಅಂದರೆ 13 ಮೀಟರ್ ಚಿಲ್ಲರೆ. ಕ್ರಿಕೆಟ್ಟಿನಲ್ಲಿ ಈ ದೂರ 20 ಮೀಟರ್. ಒಳ್ಳೆಯ ಪಿಚರ್ ಗಂಟೆಗೆ 110 ಕಿಲೋಮೀಟರ್ ದಾಟಿಸಿ ಎಸೆಯುತ್ತಾಳೆ. ಲೆಕ್ಕ ಹಾಕಿ: ಅರ್ಧ ಸೆಕೆಂಡೂ ಸಿಗುವುದಿಲ್ಲ. ಅಷ್ಟರಲ್ಲಿ ಚೆಂಡು ಏಳುತ್ತದೋ, ಬೀಳುತ್ತದೋ, ಹೊರಕ್ಕೆ ತಿರುಗುತ್ತದೋ ಎಂದು ಕಂಡುಕೊಂಡು ಬ್ಯಾಟ್ ಬೀಸಬೇಕು. ಹೀಗಾಗಿ ಒಬ್ಬ ಒಳ್ಳೆಯ ಪಿಚರ್ ಇದ್ದರೆ ಅರ್ಧ ಗೆದ್ದ ಹಾಗೆ. ಅಂಥವಳನ್ನು ಹುಡುಕಿ ತರುವುದೇ ಕೋಚ್‌ಗಳ ಜೀವಮಾನದ ಅರ್ಧ ಕೆಲಸ.

ಅಲ್ಲಿನ ‘ಕಾಲೇಜು ಕ್ರೀಡೆ’ ನಮ್ಮದಲ್ಲ

ನಮ್ಮ ಕಾಲೇಜುಗಳಲ್ಲಿ ಒಬ್ಬ ದೈಹಿಕ ಶಿಕ್ಷಣ ನಿರ್ದೇಶಕರಿರುತ್ತಾರೆ. ಕಬಡ್ಡಿ, ವಾಲಿಬಾಲ್, ಖೋ ಖೋ, ಅಥ್ಲೆಟಿಕ್ಸ್ ಎಲ್ಲಕ್ಕೂ ಅವರೊಬ್ಬರೇ. ಅಂತರ ಕಾಲೇಜು ಪಂದ್ಯಾವಳಿ ಹತ್ತಿರ ಬಂದಾಗ ತಂಡ ಆರಿಸಿ, ಬಸ್ಸಿಗೆ ಹತ್ತಿಸಿ, ಟಿಎ ಬಿಲ್ ಬರೆದು, ಗೆದ್ದರೆ ಫೋಟೊಗೆ ನಿಲ್ಲುತ್ತಾರೆ. ಅಮೆರಿಕದಲ್ಲಿ ಒಂದೊಂದು ಆಟಕ್ಕೂ ಒಬ್ಬ ಹೆಡ್ ಕೋಚ್, ಅವರ ಕೈಕೆಳಗೆ ಪಿಚಿಂಗ್‌ಗೆ ಒಬ್ಬರು, ಬ್ಯಾಟಿಂಗ್‌ಗೆ ಒಬ್ಬರು ಸಹಾಯಕರು, ಜೊತೆಗೆ ವೈದ್ಯಕೀಯ ಸಿಬ್ಬಂದಿ, ಪಾಠ ನೋಡಿಕೊಳ್ಳುವ ಸಲಹೆಗಾರರು. ಕಾಲೇಜು ಕ್ರೀಡೆಗೆ ನಿಯಮ ಮಾಡುವ ದೊಡ್ಡ ಸಂಸ್ಥೆ ಎನ್‌ಸಿಎಎ. ಅದರಡಿ ಮೂರು ಡಿವಿಷನ್‌ಗಳಿವೆ. ಒಂದನೆಯದರಲ್ಲಿ ಹಣ, ಟಿವಿ, ವಿದ್ಯಾರ್ಥಿವೇತನ ಎಲ್ಲವೂ ಇದೆ. ಮೂರನೆಯದರಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನವೇ ಇಲ್ಲ.

ಋತು ಫೆಬ್ರವರಿಯಲ್ಲಿ ಶುರುವಾಗಿ ಜೂನ್ ಮೊದಲ ವಾರದವರೆಗೆ. ಹೆಚ್ಚೆಂದರೆ 56 ಪಂದ್ಯ, ಆಮೇಲೆ ರಾಷ್ಟ್ರೀಯ ಟೂರ್ನಿ. 64 ತಂಡಗಳು ಆಯ್ಕೆಯಾಗಿ, ಸೋಸಿ ಸೋಸಿ ಕೊನೆಗೆ ಎಂಟು ಉಳಿಯುತ್ತವೆ. ಆ ಎಂಟು ತಂಡಗಳು ಒಕ್ಲಹೋಮಾ ಸಿಟಿಗೆ ಬರುತ್ತವೆ. ಆ ಕೊನೆಯ ಘಟ್ಟದ ಹೆಸರು ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್. ಹೊರಗಿನ ದೇಶ ಒಂದೂ ಇರುವುದಿಲ್ಲ, ಆದರೂ ‘ವರ್ಲ್ಡ್’. ಅಮೆರಿಕದವರ ಅಭ್ಯಾಸವೇ ಹಾಗೆ. ಎರಡು ಸೋತರೆ ಮನೆಗೆ, ಕೊನೆಗೆ ಉಳಿದ ಇಬ್ಬರ ನಡುವೆ ಮೂರು ಪಂದ್ಯಗಳ ಫೈನಲ್. 2025ರ ಫೈನಲನ್ನು ಟಿವಿಯಲ್ಲಿ ಸರಾಸರಿ 20 ಲಕ್ಷಕ್ಕೂ ಹೆಚ್ಚು ಜನ ನೋಡಿದರು.

37 ಪದಗಳಿಂದ ಹುಟ್ಟಿದ ಉದ್ಯೋಗ

ಐವತ್ತು ವರ್ಷದ ಹಿಂದೆ ಈ ಉದ್ಯೋಗ ಹೆಚ್ಚುಕಡಿಮೆ ಇರಲೇ ಇಲ್ಲ. ಅದನ್ನು ಸೃಷ್ಟಿಸಿದ್ದು ಒಂದು ಕಾನೂನು.

1972ರ ಜೂನ್ 23ರಂದು ಅಮೆರಿಕದಲ್ಲಿ ಶಿಕ್ಷಣಕ್ಕೆ ಸಂಬಂಧಿಸಿದ ಕಾಯ್ದೆಯೊಂದು ಜಾರಿಗೆ ಬಂತು. ಅದರ ಒಂಬತ್ತನೆಯ ಭಾಗವೇ ‘ಟೈಟಲ್ ನೈನ್’. ಇಂಗ್ಲಿಷಿನಲ್ಲಿ ಮುಖ್ಯ ವಾಕ್ಯ ಇರುವುದು 37 ಪದ. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ ಎಂಬುದು ಅದರ ಸಾರ. ಆ ವಾಕ್ಯದಲ್ಲಿ ಕ್ರೀಡೆಯ ಸುದ್ದಿಯೇ ಇಲ್ಲ. ಆದರೆ ಕಾಲೇಜಿನ ಕ್ರೀಡೆಯೂ ಶಿಕ್ಷಣದ ಭಾಗವೇ ತಾನೆ?

ಇಲ್ಲಿ ಲೆಕ್ಕ ಬರುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಒಂದೇ 85 ಪೂರ್ಣ ವಿದ್ಯಾರ್ಥಿವೇತನ ನುಂಗುತ್ತಿತ್ತು. ಎಲ್ಲವೂ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳ ಕಡೆ ಅದಕ್ಕೆ ಸರಿದೂಗಿಸುವಂಥ ಒಂದೇ ದೊಡ್ಡ ಆಟ ಇಲ್ಲ. ಹಾಗಾಗಿ ಹಲವು ಆಟಗಳನ್ನು ಸೇರಿಸಿ ತಕ್ಕಡಿ ಸಮ ಮಾಡಬೇಕಾಯಿತು: ಸಾಕರ್, ವಾಲಿಬಾಲ್, ದೋಣಿ ಹುಟ್ಟುಹಾಕುವುದು, ಸಾಫ್ಟ್‌ಬಾಲ್. ಒಂದು ತಂಡಕ್ಕೆ ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರು ಬೇಕಾಗುವ ಸಾಫ್ಟ್‌ಬಾಲ್ ಈ ಲೆಕ್ಕಕ್ಕೆ ಚೆನ್ನಾಗಿ ಒದಗಿತು. ಎನ್‌ಸಿಎಎ ತನ್ನ ಹೆಸರಲ್ಲಿ ಮಹಿಳಾ ಸಾಫ್ಟ್‌ಬಾಲ್ ಚಾಂಪಿಯನ್‌ಶಿಪ್ ಶುರುಮಾಡಿದ್ದು 1982ರಲ್ಲಿ, ಗೆದ್ದದ್ದು ಯುಸಿಎಲ್‌ಎ, ಅಂದರೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ.

ಕಾನೂನು ಬಂದ ಮಾತ್ರಕ್ಕೆ ಸೌಲಭ್ಯ ತಾನಾಗಿ ನಡೆದು ಬರಲಿಲ್ಲ. ಕ್ಯಾರಲ್ ಹಚಿನ್ಸ್ ಅವರ ಕಥೆ ನೋಡಿ. 1970ರ ದಶಕದ ಕೊನೆಯಲ್ಲಿ ಅವರು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬ್ಯಾಸ್ಕೆಟ್‌ಬಾಲ್, ಸಾಫ್ಟ್‌ಬಾಲ್ ಎರಡನ್ನೂ ಆಡುತ್ತಿದ್ದರು. ಪುರುಷರ ತಂಡಕ್ಕೆ ಸಿಗುವುದಕ್ಕೂ ತಮಗೆ ಸಿಗುವುದಕ್ಕೂ ಇರುವ ಅಂತರವನ್ನು ಪ್ರಶ್ನಿಸಿ ಗೆಳತಿಯರ ಜೊತೆ ಸೇರಿ ತಮ್ಮ ವಿಶ್ವವಿದ್ಯಾಲಯದ ಮೇಲೇ ದಾವೆ ಹೂಡಿದರು. ಮುಂದೆ ಅವರು ಕೋಚ್ ಆದದ್ದು ಆ ವಿಶ್ವವಿದ್ಯಾಲಯದ ಪರಮ ಎದುರಾಳಿಯಾದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. 1985ರಿಂದ 2022ರವರೆಗೆ 38 ಋತು ಅಲ್ಲೇ. ವೃತ್ತಿಜೀವನದ ಒಟ್ಟು ಗೆಲುವು 1,707.

ಮಿಷಿಗನ್ ಎಂದರೆ ಮಾರ್ಚ್‌ನಲ್ಲೂ ಹಿಮ ಬೀಳುವ ನಾಡು. ಋತುವಿನ ಮೊದಲ ವಾರಗಳೆಲ್ಲ ದಕ್ಷಿಣದ ಬಿಸಿಲಿನ ಊರುಗಳಲ್ಲಿ ಅತಿಥಿಗಳಾಗಿಯೇ ಕಳೆಯಬೇಕು. ಅದುವರೆಗೂ ಗೆದ್ದವರಲ್ಲಿ ಹೆಚ್ಚಿನವರು ವರ್ಷಪೂರ್ತಿ ಬಯಲಲ್ಲಿ ಆಡಬಲ್ಲ ಕ್ಯಾಲಿಫೋರ್ನಿಯಾ, ಅರಿಜೋನಾ ಥರದ ಕಡೆಯವರು. 2005ರಲ್ಲಿ ಹಚಿನ್ಸ್ ಅವರ ತಂಡ ಯುಸಿಎಲ್‌ಎಯನ್ನು ಸೋಲಿಸಿ ಪ್ರಶಸ್ತಿ ಗೆದ್ದಿತು. ಮಿಸಿಸಿಪ್ಪಿ ನದಿಯ ಪೂರ್ವಕ್ಕಿರುವ ತಂಡವೊಂದು ಚಾಂಪಿಯನ್ ಆದದ್ದು ಅದೇ ಮೊದಲು.

ಹಾಗಾದರೆ ದಿನವೆಲ್ಲ ಏನು ಮಾಡುತ್ತಾರೆ?

ಪಂದ್ಯದಲ್ಲಿ ನಮಗೆ ಕಾಣುವುದು ಕೊನೆಯ ಎರಡು ಗಂಟೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ತಮ್ಮ ತಂಡ ಬ್ಯಾಟ್ ಮಾಡುವಾಗ ಹೆಡ್ ಕೋಚ್ ಅನೇಕ ತಂಡಗಳಲ್ಲಿ ಮೂರನೆಯ ಬೇಸ್ ಪಕ್ಕದ ಗೆರೆಯೊಳಗೆ ಬಂದು ನಿಲ್ಲುತ್ತಾರೆ. ಟೋಪಿ ಮುಟ್ಟುವುದು, ಮೊಣಕೈ ಸವರುವುದು, ಬೆಲ್ಟ್ ತಟ್ಟುವುದು. ನೋಡುವವರಿಗೆ ಮೈ ತುರಿಸಿಕೊಂಡಂತೆ ಕಾಣುತ್ತದೆ, ಆದರೆ ಅದೆಲ್ಲ ಸಂಕೇತ. ‘ಬೀಸಬೇಡ, ಬ್ಯಾಟನ್ನು ಸುಮ್ಮನೆ ಒಡ್ಡಿ ಚೆಂಡನ್ನು ಮುಂದೆ ಉರುಳಿಸು’, ‘ಮುಂದಿನ ಎಸೆತಕ್ಕೆ ಓಡು’ ಎಂಬಂಥವು. ಓಡಿ ಬರುವ ಹುಡುಗಿಯನ್ನು ಹೊರಟ ಬೇಸ್ ಆದ ‘ಹೋಮ್’ನತ್ತ ಕಳಿಸಬೇಕೇ, ತಡೆಯಬೇಕೇ ಎಂದು ಕೈ ಬೀಸಿ ಹೇಳುವವರೂ ಅಲ್ಲಿ ನಿಂತ ಕೋಚೇ. ತಪ್ಪಿದರೆ ಬೈಗುಳವೂ ಅವರಿಗೇ.

ಫೀಲ್ಡಿಂಗ್ ಸರದಿಯಲ್ಲಿ ಇನ್ನೂ ಗಮ್ಮತ್ತು. ಆಟಗಾರ್ತಿಯರ ಮಣಿಕಟ್ಟಿನಲ್ಲಿ ಅಂಕಿಗಳ ಕೋಷ್ಟಕವಿರುವ ಪಟ್ಟಿ ಕಟ್ಟಿರುತ್ತದೆ. ಡಗೌಟ್‌ನಿಂದ, ಅಂದರೆ ತಂಡ ಕೂರುವ ತಗ್ಗಿನಿಂದ, ಕೋಚ್ ಒಂದು ಸಂಖ್ಯೆ ಕೂಗುತ್ತಾರೆ. ಕೋಷ್ಟಕದಲ್ಲಿ ಆ ಸಂಖ್ಯೆಯ ಎದುರು ಯಾವ ಎಸೆತ, ಎಲ್ಲಿಗೆ ಎಂಬುದಿರುತ್ತದೆ. ಎದುರಾಳಿ ಕದಿಯಬಾರದೆಂದು ಕೋಷ್ಟಕವನ್ನೇ ಬದಲಿಸುತ್ತಿರುತ್ತಾರೆ. ಕ್ರಿಕೆಟ್ಟಿನಲ್ಲಿ ಯಾವ ಎಸೆತ ಹಾಕಬೇಕೆಂಬುದು ಬೌಲರ್ ಮತ್ತು ನಾಯಕನ ಮಾತು. ಇಲ್ಲಿ ಪ್ರತಿ ಎಸೆತವನ್ನೂ ಬೆಂಚಿನಿಂದ ಆಜ್ಞಾಪಿಸುವುದು ಸಾಮಾನ್ಯ. ಆಟಗಾರ್ತಿ ಯೋಚಿಸುವ ಅವಕಾಶವನ್ನು ಇದು ಕಸಿಯುತ್ತದೆಯೇ ಎಂಬ ವಾದ ಅಲ್ಲೂ ಇದೆ.

ಆದರೆ ಈ ಎರಡು ಗಂಟೆ ಬರುವುದು ವರ್ಷದ ಉಳಿದ ಕೆಲಸ ಆದಮೇಲೆ. ಅದರಲ್ಲಿ ದೊಡ್ಡದು ಹುಡುಕಾಟ. ರಿಕ್ರೂಟಿಂಗ್ ಎನ್ನುತ್ತಾರೆ.

ಅಮೆರಿಕದ ಹುಡುಗಿಯರು ಶಾಲಾ ತಂಡದ ಜೊತೆಗೆ ‘ಟ್ರಾವೆಲ್ ಬಾಲ್’ ಎಂಬ ಖಾಸಗಿ ಕ್ಲಬ್ಬುಗಳಲ್ಲೂ ಆಡುತ್ತಾರೆ. ಬೇಸಿಗೆಯಲ್ಲಿ ಕೊಲರಾಡೊ, ಕ್ಯಾಲಿಫೋರ್ನಿಯಾಗಳಲ್ಲಿ ಈ ಕ್ಲಬ್ಬುಗಳ ದೊಡ್ಡ ಜಾತ್ರೆಯಂಥ ಟೂರ್ನಿಗಳು. ಕಾಲೇಜು ಕೋಚ್‌ಗಳು ಮಡಚುವ ಕುರ್ಚಿ, ಅಗಲ ಟೋಪಿ, ವೇಗ ಅಳೆಯುವ ಗನ್ ಹಿಡಿದು ಬೆಳಗಿನಿಂದ ಸಂಜೆಯವರೆಗೆ ಬಿಸಿಲಲ್ಲಿ ಕೂರುತ್ತಾರೆ. ನೋಡುವುದು ಬರಿಯ ಹೊಡೆತವಲ್ಲ. ಔಟಾಗಿ ಮರಳುವಾಗ ಹುಡುಗಿ ಹೆಲ್ಮೆಟ್ ಎಸೆಯುತ್ತಾಳೋ ಇಲ್ಲವೋ, ನೀರಿನ ಬಾಟಲಿ ತಂದ ಅಮ್ಮನ ಮೇಲೆ ರೇಗುತ್ತಾಳೋ ಇಲ್ಲವೋ ಎಂಬುದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಠಿಣ.

ಈ ಪೈಪೋಟಿ ಒಂದು ಕಾಲಕ್ಕೆ ಎಂಟನೆಯ ತರಗತಿಯ ಮಕ್ಕಳಿಂದ ಬಾಯಿಮಾತಿನ ಒಪ್ಪಿಗೆ ಪಡೆಯುವ ಮಟ್ಟಕ್ಕೆ ಹೋಗಿತ್ತು. 2018ರಲ್ಲಿ ಎನ್‌ಸಿಎಎ ಕಡಿವಾಣ ಹಾಕಿತು. ಹುಡುಗಿ ಹನ್ನೊಂದನೆಯ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ರವರೆಗೆ ಕೋಚ್ ಅವಳೊಂದಿಗೆ ಸೇರ್ಪಡೆಯ ಮಾತೆತ್ತುವಂತಿಲ್ಲ. ಪರಿಣಾಮ ಏನೆಂದರೆ, ಆಗಸ್ಟ್ 31ರ ರಾತ್ರಿ ಹನ್ನೆರಡು ಹೊಡೆಯುವುದನ್ನೇ ಕಾಯುತ್ತ ದೇಶದ ತುಂಬ ಕೋಚ್‌ಗಳು ಫೋನ್ ಹಿಡಿದು ಕೂತಿರುತ್ತಾರೆ, ಹುಡುಗಿಯರೂ.

ಅಭ್ಯಾಸಕ್ಕೂ ಮಿತಿಯಿದೆ. ಋತುವಿನಲ್ಲಿ ವಾರಕ್ಕೆ 20 ಗಂಟೆ ಮಾತ್ರ, ವಾರಕ್ಕೊಂದು ದಿನ ರಜೆ ಕಡ್ಡಾಯ. ಇವರು ವಿದ್ಯಾರ್ಥಿಗಳು, ಪಾಸಾಗಲೇಬೇಕು. ಅಂಕ ಇಳಿದರೆ ಆಡುವ ಅರ್ಹತೆಯೇ ಹೋಗುತ್ತದೆ. ಆದ್ದರಿಂದ ಯಾರ ರಸಾಯನಶಾಸ್ತ್ರ ಹಿಂದೆ ಬಿದ್ದಿದೆ, ಯಾರಿಗೆ ಮನೆಯ ನೆನಪು ಕಾಡುತ್ತಿದೆ ಎಂಬುದೂ ಕೋಚ್‌ನ ದಿನಚರಿಯೊಳಗೇ ಬರುತ್ತದೆ.

ಒಬ್ಬರ ದಾರಿ: ಪ್ಯಾಟಿ ಗ್ಯಾಸೊ

ಸಾರ್ವಜನಿಕ ಉದ್ಯಾನದಿಂದ ಕ್ರೀಡಾಂಗಣದವರೆಗೆ ಈ ವೃತ್ತಿ ನಡೆದ ದಾರಿಯನ್ನು ಒಬ್ಬರಲ್ಲೇ ನೋಡಬೇಕೆಂದರೆ ಒಕ್ಲಹೋಮಾ ವಿಶ್ವವಿದ್ಯಾಲಯದ ಪ್ಯಾಟಿ ಗ್ಯಾಸೊ ಅವರನ್ನು ನೋಡಬೇಕು.

1962ರಲ್ಲಿ ಹುಟ್ಟಿದವರು, ಕ್ಯಾಲಿಫೋರ್ನಿಯಾದವರು. ಎಲ್ ಕಮಿನೊ ಎಂಬ ಎರಡು ವರ್ಷದ ಕಾಲೇಜಿನಲ್ಲೂ ಆಮೇಲೆ ಲಾಂಗ್ ಬೀಚ್ ಸ್ಟೇಟ್‌ನಲ್ಲೂ ಆಡಿದರು. 1990ರಿಂದ 1994ರವರೆಗೆ ಲಾಂಗ್ ಬೀಚ್ ಸಿಟಿ ಕಾಲೇಜಿನ ಕೋಚ್. ಅದೂ ಎರಡು ವರ್ಷದ ಕಾಲೇಜೇ, ನಮ್ಮ ಪಿಯುಸಿಯ ಹಾಗೆ ಮುಂದಿನ ಓದಿಗೆ ಮೆಟ್ಟಿಲು. 1995ರ ಋತುವಿಗೆ ಒಕ್ಲಹೋಮಾಕ್ಕೆ ಬಂದಾಗ ಅಲ್ಲಿ ಸಾಫ್ಟ್‌ಬಾಲ್‌ಗೆ ಸ್ವಂತ ಮೈದಾನವೂ ಇರಲಿಲ್ಲ. ನಾರ್ಮನ್ ಊರಿನ ರೀವ್ಸ್ ಪಾರ್ಕ್ ಎಂಬ ಸಾರ್ವಜನಿಕ ಉದ್ಯಾನದಲ್ಲಿ ಆಡುತ್ತಿದ್ದರು. ಅಲ್ಲೇ ಊರವರ ಹವ್ಯಾಸಿ ತಂಡಗಳೂ ಆಡುತ್ತಿದ್ದವು. 1998ರಲ್ಲಿ ವಿಶ್ವವಿದ್ಯಾಲಯ ಮೈದಾನ ಕಟ್ಟಿತು. 2000ದಲ್ಲಿ ತಂಡ ಮೊದಲ ಬಾರಿಗೆ ಎನ್‌ಸಿಎಎಯ ಕಾಲೇಜ್ ವರ್ಲ್ಡ್ ಸೀರೀಸ್ ತಲುಪಿ, ಯುಸಿಎಲ್‌ಎಯನ್ನು 3–1ರಿಂದ ಮಣಿಸಿ ಚಾಂಪಿಯನ್ನೇ ಆಗಿಬಿಟ್ಟಿತು.

ಮುಂದಿನದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಎರಡನೆಯ ಪ್ರಶಸ್ತಿ ಬರಲು 13 ವರ್ಷ ಬೇಕಾಯಿತು. 2005ರಿಂದ 2010ರವರೆಗಂತೂ ಕೊನೆಯ ಎಂಟರೊಳಗೇ ಬರಲಿಲ್ಲ, ಅದೂ ಆ ಎಂಟರ ಘಟ್ಟ ನಡೆಯುವುದು ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ! ಇಂದಿನ ಫುಟ್‌ಬಾಲ್ ಕೋಚ್ ಆಗಿದ್ದರೆ ಮೂರನೆಯ ವರ್ಷಕ್ಕೇ ಗಂಟುಮೂಟೆ ಕಟ್ಟಿಸುತ್ತಿದ್ದರು. ಸಾಫ್ಟ್‌ಬಾಲ್‌ನಲ್ಲಿ ಆಗ ಅಷ್ಟು ಹಣವೂ ಇರಲಿಲ್ಲ, ಅಷ್ಟು ಅವಸರವೂ ಇರಲಿಲ್ಲ. ಆ ತಾಳ್ಮೆಯ ಫಲ 2013, 2016, 2017ರಲ್ಲಿ ಬಂತು. 2017ರ ಫೈನಲ್‌ನ ಮೊದಲ ಪಂದ್ಯ ಏಳು ಇನ್ನಿಂಗ್ಸ್‌ಗೆ ಮುಗಿಯದೆ ಹದಿನೇಳಕ್ಕೆ ಎಳೆಯಿತು; ಫ್ಲೋರಿಡಾ ವಿರುದ್ಧ 7–5ರಿಂದ ಗೆದ್ದರು.

ನಂತರ 2021, 2022, 2023, 2024: ಸತತ ನಾಲ್ಕು. ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. 2023ರಲ್ಲಿ 61 ಗೆಲುವು, ಒಂದೇ ಸೋಲು. ಒಟ್ಟು ಎಂಟು ಪ್ರಶಸ್ತಿ. ಅರಿಜೋನಾದ ಮೈಕ್ ಕ್ಯಾಂಡ್ರಿಯಾ ಅವರ ಖಾತೆಯಲ್ಲೂ ಎಂಟು. ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ತಂಡಕ್ಕೆ ಚಿನ್ನ ತಂದುಕೊಟ್ಟ ಕೋಚ್; ಆ ಟೂರ್ನಿಯಲ್ಲಿ ಅಮೆರಿಕ 51 ರನ್ ಹೊಡೆದು ಒಂದೇ ಒಂದು ಬಿಟ್ಟುಕೊಟ್ಟಿತ್ತು.

ಗ್ಯಾಸೊ ಅವರ ಕೈಯಲ್ಲಿ ಬೆಳೆದವರಲ್ಲಿ ಹವಾಯಿಯ ಜೋಸೆಲಿನ್ ಅಲೊ ಒಬ್ಬರು. ಐದು ವರ್ಷದಲ್ಲಿ 122 ಹೋಮ್ ರನ್, ಅಂದರೆ ನಮ್ಮ ಲೆಕ್ಕದ ಸಿಕ್ಸರ್, ಹೊಡೆದು ದಾಖಲೆ ಬರೆದರು. ಹಳೆಯ ದಾಖಲೆ 95. ಅದೂ ಗ್ಯಾಸೊ ಅವರ ಶಿಷ್ಯೆ ಲಾರೆನ್ ಚೇಂಬರ್ಲೇನ್ ಅವರದ್ದೇ. ಬ್ಯಾಟಿಂಗ್ ತರಬೇತಿ ನೋಡಿಕೊಳ್ಳುವವರು ಗ್ಯಾಸೊ ಅವರ ಮಗ ಜೆ.ಟಿ. ಗ್ಯಾಸೊ.

2024ರ ಮಾರ್ಚ್ 1ರಂದು ಒಕ್ಲಹೋಮಾ ತಂಡಕ್ಕೆ 4,200 ಆಸನಗಳ ಹೊಸ ಕ್ರೀಡಾಂಗಣ ತೆರೆಯಿತು. ಹೆಸರು ಲವ್ಸ್ ಫೀಲ್ಡ್. ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ, ಹೆದ್ದಾರಿ ಪೆಟ್ರೋಲ್ ಬಂಕ್‌ಗಳ ಕಂಪನಿಯ ದೇಣಿಗೆ ಅದು. ಇಂಥ ದಾನಿಗಳ ಮನೆ ಬಾಗಿಲು ತಟ್ಟುವುದೂ ಕೋಚ್‌ನ ಕೆಲಸದಲ್ಲಿ ಸೇರಿದೆ. ತೆರೆದ ಮೂರನೆಯ ದಿನವೇ, ಮಾರ್ಚ್ 3ರಂದು, ಲೂಯಿಸಿಯಾನ ವಿಶ್ವವಿದ್ಯಾಲಯದ ತಂಡ ಬಂದು ಗ್ಯಾಸೊ ಅವರ 71 ಸತತ ಗೆಲುವುಗಳ ಸರಣಿಯನ್ನು ಅದೇ ಹೊಸ ಅಂಗಳದಲ್ಲಿ ಮುರಿಯಿತು.

ಮೇಳ ಬಿಟ್ಟು ಮೇಳ: ಪೋರ್ಟಲ್ ಮತ್ತು ಹಣ

ಕಾಲೇಜು ತಂಡದ ಮೂಲ ತೊಡಕು ಇದು: ಆಟಗಾರ್ತಿಗೆ ಸಾಮಾನ್ಯವಾಗಿ ನಾಲ್ಕು ಋತು. ಪಳಗಿದವಳು ಪದವಿ ಹಿಡಿದು ಹೊರಡುತ್ತಾಳೆ. ಯಾವ ಕೋಚ್‌ಗೂ ಒಂದೇ ತಂಡ ಎರಡು ವರ್ಷ ಸಿಗುವುದಿಲ್ಲ. ಹಿಂದೆ ಇದು ನಿಧಾನದ ಹರಿವಾಗಿತ್ತು, ಈಗ ಮಳೆಗಾಲದ ಹೊಳೆ.

2018ರಲ್ಲಿ ‘ಟ್ರಾನ್ಸ್‌ಫರ್ ಪೋರ್ಟಲ್’ ಬಂತು. ಕಾಲೇಜು ಬದಲಿಸಬೇಕೆನ್ನುವವರು ಹೆಸರು ದಾಖಲಿಸುವ ಆನ್‌ಲೈನ್ ಪಟ್ಟಿ ಅದು. ಮೊದಲು ಹಲವು ಕ್ರೀಡೆಗಳಲ್ಲಿ ಬದಲಿಸಿದವರು ಒಂದು ವರ್ಷ ಸುಮ್ಮನೆ ಕೂರಬೇಕಿತ್ತು. 2021ರಲ್ಲಿ ಆ ತಡೆಯೂ ಸಡಿಲವಾಯಿತು. ಅದೇ ವರ್ಷದ ಜುಲೈ 1ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಹಣ ಗಳಿಸಬಹುದು ಎಂದಾಯಿತು. ಎರಡೂ ಸೇರಿದ್ದರಿಂದ ಒಂದು ಮೇಳದ ಕಲಾವಿದ ತಿರುಗಾಟ ಮುಗಿಯುತ್ತಲೇ ಹೆಚ್ಚು ಸಂಭಾವನೆಯ ಇನ್ನೊಂದು ಮೇಳಕ್ಕೆ ಹೋದಂತಾಯಿತು.

2024ರಲ್ಲಿ ಪಿಚರ್ ನಿಜಾರಿ ಕೆನಡಿ ಸ್ಟ್ಯಾನ್‌ಫರ್ಡ್ ಬಿಟ್ಟು ಟೆಕ್ಸಾಸ್ ಟೆಕ್ ಸೇರಿದಾಗ ವರದಿಯಾದ ಮೊತ್ತ 10,50,024 ಡಾಲರ್. ಕೊನೆಯ 24 ಅವರ ಜರ್ಸಿಯ ಸಂಖ್ಯೆ! ಅವರನ್ನು ಕರೆತಂದ ಕೋಚ್ ಗೆರಿ ಗ್ಲಾಸ್ಕೊ ಆಗಷ್ಟೇ ಲೂಯಿಸಿಯಾನದಿಂದ ಬಂದಿದ್ದರು, ಅಂದರೆ 71ರ ಸರಣಿ ಮುರಿದ ಅದೇ ತಂಡದಿಂದ. ಆ ತಂಡದ ಪಿಚರ್ ಸ್ಯಾಮ್ ಲ್ಯಾಂಡ್ರಿ ಹೋದದ್ದೆಲ್ಲಿಗೆ? ಗ್ಯಾಸೊ ಅವರ ಒಕ್ಲಹೋಮಾಕ್ಕೆ.

ವಿದ್ಯಾರ್ಥಿವೇತನದ ಲೆಕ್ಕವೂ ಬದಲಾಗಿದೆ. ಬಹಳ ಕಾಲ ಡಿವಿಷನ್ ಒಂದರ ಸಾಫ್ಟ್‌ಬಾಲ್ ತಂಡಕ್ಕೆ ಗರಿಷ್ಠ 12 ಪೂರ್ಣ ವಿದ್ಯಾರ್ಥಿವೇತನ. ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ. ಕೋಚ್ ಅದನ್ನು ಒಬ್ಬಳಿಗೆ ಮುಕ್ಕಾಲು, ಇನ್ನೊಬ್ಬಳಿಗೆ ಕಾಲು ಎಂದು ತಿಂಗಳ ಸಂಬಳದಲ್ಲಿ ಮನೆ ತೂಗಿಸುವ ಗೃಹಿಣಿಯ ಹಾಗೆ ಹಂಚಬೇಕಿತ್ತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ಎಂಬ ಪ್ರಕರಣದ ರಾಜಿಯ ನಂತರ, ಅದಕ್ಕೆ ಒಪ್ಪಿದ ಕಾಲೇಜುಗಳಲ್ಲಿ ತಂಡಕ್ಕೆ 25 ಜನರ ಮಿತಿ, ಕೊಡಬಲ್ಲ ಶಕ್ತಿಯಿದ್ದರೆ 25 ಜನಕ್ಕೂ ಪೂರ್ಣ ವಿದ್ಯಾರ್ಥಿವೇತನ. ಕಾಲೇಜುಗಳು ತಮ್ಮ ಆದಾಯದಿಂದ ಆಟಗಾರರಿಗೆ ನೇರ ಹಣವನ್ನೂ ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಅದರ ಬಹುಪಾಲು ಫುಟ್‌ಬಾಲ್ ಮತ್ತು ಪುರುಷರ ಬ್ಯಾಸ್ಕೆಟ್‌ಬಾಲ್ ಕಡೆಗೇ ಹೋಗುತ್ತದೆ. ಉಳಿದದ್ದರಲ್ಲಿ ತಮ್ಮ ಪಾಲಿಗೆ ವಾದಿಸುವುದು ಸಾಫ್ಟ್‌ಬಾಲ್ ಕೋಚ್‌ಗಳ ಹೊಸ ಜವಾಬ್ದಾರಿ.

ಈ ಕುರ್ಚಿಗೆ ಬರುವುದು ಹೇಗೆ?

ನಿಗದಿತ ಪದವಿಯಿಲ್ಲ, ಪ್ರವೇಶ ಪರೀಕ್ಷೆಯಿಲ್ಲ. ಹೆಚ್ಚಿನವರು ತಾವೇ ಕಾಲೇಜಿನಲ್ಲಿ ಆಡಿದವರು. ಪದವಿ ಮುಗಿದ ಮೇಲೆ ಎಂ.ಎ., ಎಂ.ಎಸ್. ಓದುತ್ತ ಅಲ್ಪ ಭತ್ಯೆಗೆ ತಂಡದ ಸಹಾಯಕರಾಗಿ ಸೇರುತ್ತಾರೆ. ವಿಡಿಯೊ ಕತ್ತರಿಸುವುದು, ಚೆಂಡು ಎಣಿಸುವುದು, ಹೋಟೆಲ್ ಕಾದಿರಿಸುವುದು ಎಲ್ಲ ಇವರ ತಲೆಗೆ. ಅಲ್ಲಿಂದ ಸಣ್ಣ ಕಾಲೇಜೊಂದರ ಮುಖ್ಯ ಕೋಚ್, ಇಲ್ಲವೇ ದೊಡ್ಡ ಕಾಲೇಜಿನ ಸಹಾಯಕ ಕೋಚ್. ಸಹಾಯಕರಾಗಿ ಎಷ್ಟು ವರ್ಷ? ಹೇಳಲಾಗದು. ಹಚಿನ್ಸ್ ಅವರ ಶಿಷ್ಯೆ ಬಾನಿ ಥಾಲ್ ಮಿಷಿಗನ್‌ನಲ್ಲೇ ಆಡಿ, ಮೂರು ದಶಕದ ಹತ್ತಿರ ಗುರುವಿನ ಪಕ್ಕದಲ್ಲೇ ಸಹಾಯಕರಾಗಿದ್ದು, 2022ರಲ್ಲಿ ಹಚಿನ್ಸ್ ನಿವೃತ್ತರಾದಾಗ ಆ ಜಾಗಕ್ಕೆ ಬಂದರು. ಅರಿಜೋನಾದಲ್ಲಿ ಕ್ಯಾಂಡ್ರಿಯಾ 2021ರಲ್ಲಿ ನಿವೃತ್ತರಾದಾಗ ಬಂದವರೂ ಅವರ ಹಳೆಯ ಆಟಗಾರ್ತಿ ಕೈಟ್ಲಿನ್ ಲೋ.

ಸಂಬಳದಲ್ಲಿ ಆಕಾಶ ಭೂಮಿ ಅಂತರ. ಗ್ಯಾಸೊ ಅವರಂಥವರಿಗೆ ವರ್ಷಕ್ಕೆ 10 ಲಕ್ಷ ಡಾಲರಿಗೂ ಮಿಗಿಲು. ಸಣ್ಣ ಕಾಲೇಜಿನಲ್ಲಿ ಅದೇ ಹುದ್ದೆಯ ಜೊತೆ ಇನ್ನೊಂದು ಕೆಲಸವನ್ನೂ ಹೊಂದಿಸಿಕೊಂಡರಷ್ಟೇ ಜೀವನ. ಬೇಸಿಗೆಯಲ್ಲಿ ಮಕ್ಕಳಿಗೆ ಶಿಬಿರ ನಡೆಸಿ ಬರುವ ಹಣ ಅನೇಕರಿಗೆ ಆಧಾರ.

ಇನ್ನೊಂದು ತಿರುವನ್ನು ಹೇಳಲೇಬೇಕು. ಟೈಟಲ್ ನೈನ್‌ಗೆ ಮೊದಲು ಅಮೆರಿಕದ ಕಾಲೇಜುಗಳ ಮಹಿಳಾ ತಂಡಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಕ್ಕೆ ಮಹಿಳೆಯರೇ ಕೋಚ್. ಹೆಚ್ಚಿನವರು ಪುಡಿಗಾಸಿಗೆ ದುಡಿಯುತ್ತಿದ್ದರು. ಕಾನೂನಿನಿಂದ ಹಣ, ಹುದ್ದೆ, ಗೌರವ ಬಂತು. ಜೊತೆಗೆ ಗಂಡಸರೂ ಅರ್ಜಿ ಹಾಕತೊಡಗಿದರು. ಈಗ ಎಲ್ಲ ಆಟಗಳನ್ನೂ ಒಟ್ಟು ಸೇರಿಸಿದರೆ ಮಹಿಳಾ ತಂಡಗಳ ಮಹಿಳಾ ಕೋಚ್‌ಗಳು ಅರ್ಧಕ್ಕಿಂತ ಕಡಿಮೆ. ಸಾಫ್ಟ್‌ಬಾಲ್‌ನಲ್ಲಿ ಪರಿಸ್ಥಿತಿ ಅದಕ್ಕಿಂತ ವಾಸಿ. ಆದರೂ 2025ರ ಫೈನಲ್‌ನಲ್ಲಿ ಎದುರುಬದುರಾದ ಇಬ್ಬರು ಕೋಚ್‌ಗಳು, ಟೆಕ್ಸಾಸ್‌ನ ಮೈಕ್ ವೈಟ್ ಮತ್ತು ಟೆಕ್ಸಾಸ್ ಟೆಕ್‌ನ ಗ್ಲಾಸ್ಕೊ, ಇಬ್ಬರೂ ಗಂಡಸರು. ಗೆದ್ದದ್ದು ಟೆಕ್ಸಾಸ್, ಅವರಿಗೆ ಅದು ಮೊದಲ ಪ್ರಶಸ್ತಿ.

ನಾಲ್ಕು ಗೆದ್ದ ಮೇಲಿನ ವರ್ಷ

2024ರ ಪ್ರಶಸ್ತಿಯ ಬೆನ್ನಿಗೇ ಗ್ಯಾಸೊ ಅವರ ತಂಡದಿಂದ ಹತ್ತರಷ್ಟು ಆಟಗಾರ್ತಿಯರು ಒಮ್ಮೆಗೇ ಪದವಿ ಮುಗಿಸಿ ಹೊರನಡೆದರು. ಅವರಲ್ಲಿ ಕೆಲವರು ಕಾಲೇಜಿನ ನಾಲ್ಕು ವರ್ಷವೂ ಚಾಂಪಿಯನ್ ಆದವರು, ಸೋತು ಮನೆಗೆ ಮರಳುವುದು ಹೇಗಿರುತ್ತದೆಂದೇ ಗೊತ್ತಿಲ್ಲದವರು. ಅದೇ ಬೇಸಿಗೆಯಲ್ಲಿ ವಿಶ್ವವಿದ್ಯಾಲಯ ತನ್ನ ಹಳೆಯ ಕೂಟ, ಅಂದರೆ ತಮ್ಮತಮ್ಮಲ್ಲೇ ಲೀಗ್ ಆಡುವ ವಿಶ್ವವಿದ್ಯಾಲಯಗಳ ಗುಂಪು, ಬಿಟ್ಟು ಎಸ್‌ಇಸಿ ಎಂಬ ಇನ್ನೂ ಕಠಿಣ ಕೂಟಕ್ಕೆ ಸೇರಿತು. ಅರ್ಧ ತಂಡ ಹೊಸದು, ಎದುರಾಳಿಗಳೂ ಹೊಸಬರು.

ಆ ಹೊಸ ತಂಡ ಮೊದಲ ವರ್ಷವೇ ಎಸ್‌ಇಸಿಯ ಲೀಗ್ ಹಂತದ ಅಗ್ರಸ್ಥಾನ ಗೆದ್ದು ಮತ್ತೆ ಒಕ್ಲಹೋಮಾ ಸಿಟಿಗೆ ಬಂತು. ಸೆಮಿಫೈನಲ್‌ನಲ್ಲಿ ಎದುರಿಗೆ ಗ್ಲಾಸ್ಕೊ ಅವರ ಟೆಕ್ಸಾಸ್ ಟೆಕ್, ಎಸೆಯುವವರು ನಿಜಾರಿ ಕೆನಡಿ. ಏಳನೆಯ ಇನ್ನಿಂಗ್ಸ್‌ನಲ್ಲಿ ಒಕ್ಲಹೋಮಾ ಎರಡು ರನ್ ಹೊಡೆದು 2–2 ಮಾಡಿಕೊಂಡಿತು. ಅದೇ ಇನ್ನಿಂಗ್ಸ್‌ನ ತನ್ನ ಸರದಿಯಲ್ಲಿ ಟೆಕ್ ಒಂದು ರನ್ ಗಳಿಸಿ 3–2ರಿಂದ ಮುಗಿಸಿತು. ಸತತ ಐದನೆಯ ಪ್ರಶಸ್ತಿ ಬರಲಿಲ್ಲ. ಜೂನ್ ಮೊದಲ ವಾರದ ಮಾತು ಅದು. ಹನ್ನೊಂದನೆಯ ತರಗತಿಯ ಹುಡುಗಿಯರಿಗೆ ಫೋನ್ ಮಾಡಬಹುದಾದ ಸೆಪ್ಟೆಂಬರ್ 1ಕ್ಕೆ ಇನ್ನು ಮೂರು ತಿಂಗಳೂ ಇರಲಿಲ್ಲ.